ಅರವತ್ತೇಳನೇ ಮನೆಯ ಹಾಜರಿ

ಸೂರ್ಯ ಇನ್ನೂ ಮೂಡಿಲ್ಲ. ಕಡಲೆ ಹೊಲದ ತುಂಬ ಇಬ್ಬನಿ. ಅದನ್ನು ದಾಟಿ ಬಂದವರ ಪಾದಗಳಿಗೆಲ್ಲ ಕಡಲೆ ಎಲೆಯ ಹುಳಿ ಮೆತ್ತಿದೆ. ಹುನಗುಂದ ತಾಲ್ಲೂಕಿನ ಎಕ್ಕಲದಿನ್ನಿಯ ಮೂಡಲ ಅಂಚಿನಲ್ಲಿ, ಹಳ್ಳದ ದಂಡೆಯ ಜಾಲಿಕಂಟಿಯ ಪಕ್ಕ, ಮೊಣಕಾಲೆತ್ತರದ ಕೆಂಪು ಕಲ್ಲೊಂದರ ಮುಂದೆ ರಾಮವ್ವ ವಾಲೀಕಾರ ನಿಂತಿದ್ದಾರೆ. ಹಸಿರು ಇಳಕಲ್ ಸೀರೆಯನ್ನು ಎತ್ತಿ ಕಟ್ಟಿದ್ದಾರೆ. ಬಲಗೈಯಲ್ಲಿ ಪುಂಡಿನಾರಿನ ಕುಂಚ, ಎಡಗೈಯಲ್ಲಿ ಸುಣ್ಣದ ಡಬ್ಬಿ. ಎಲ್ಲ ಸಿದ್ಧವಿದ್ದರೂ ಕುಂಚ ಮಾತ್ರ ಡಬ್ಬಿಗೆ ಇಳಿಯುತ್ತಿಲ್ಲ. ಅವರ ಕಣ್ಣು ಹಳ್ಳದಾಚೆಯ ದಿನ್ನೆಯ ಮೇಲಿದೆ.

“ಬಳಿಯಬೇ, ಥಂಡಿ ಹತ್ತೈತಿ” ಎನ್ನುತ್ತಾರೆ ನೀರಿನ ಕೊಡ ಹೊತ್ತು ಜೊತೆಗೆ ಬಂದಿರುವ ನೆರೆಮನೆಯ ಮೌಲಾಬಿ.

“ಸೂರ್ಯಾ ಬರ್ಲಿ ತಡಿ. ಕಲ್ಲು ಅಂವನೂ ನೋಡಬೇಕು.”

“ಅಂವಗೇನ್ ಗೊತ್ತು ನೀ ಕಾಯಾಕತ್ತಿದ್ದು? ಅಂವ ತನ್ನ ಹೊತ್ತಿಗೆ ಬರಾಂವ.”

“ನಾನೂ ಹಂಗ. ನನ್ನ ಹೊತ್ತಿಗೇ ಬಳಿಯಾಕಿ.”

ದಿನ್ನೆಯ ನೆತ್ತಿ ಕೆಂಪಾಗುತ್ತದೆ. ಒಂದು ಗೆರೆಯಷ್ಟು ಬೆಳಕು ಜೋಳದ ತೆನೆಗಳ ಮೇಲೆ ಹಾಯ್ದು ಬಂದು ಕಲ್ಲಿಗೆ ತಾಗುತ್ತದೆ. ಆಗ ಕುಂಚ ಇಳಿಯುತ್ತದೆ. ನಾಲ್ಕು ಮಗ್ಗಲು, ಒಂದು ನೆತ್ತಿ, ಬುಡದ ಸುತ್ತ ಒಂದು ಗೆರೆ. ಮುಗಿದ ಮೇಲೆ ರಾಮವ್ವ ತೋರುಬೆರಳನ್ನು ಹಸಿ ಸುಣ್ಣಕ್ಕೆ ತಾಗಿಸಿ ನೋಡುತ್ತಾರೆ. ಬೆರಳು ಬೆಳ್ಳಗಾಗಿದೆ. “ಒಂದು” ಎಂದು ಗಟ್ಟಿಯಾಗಿ ಎಣಿಸಿ ಡಬ್ಬಿ ಎತ್ತಿಕೊಳ್ಳುತ್ತಾರೆ. ಊರಿನ ಗಡಿಯ ಸುತ್ತ ಇನ್ನು ನಲವತ್ತು ಕಲ್ಲುಗಳಿವೆ.

ಇಂದು ಎಕ್ಕಲದಿನ್ನಿಯ ಹಾಜರಿ ದಿನ. ಎಪ್ಪತ್ತಾರು ವರ್ಷಗಳ ಹಿಂದೆ ಈ ಊರು ಒಂದು ಸರಕಾರದ ಕೈಯಿಂದ ಇನ್ನೊಂದು ಸರಕಾರದ ಕೈಗೆ ಹೋದ ದಿನ. ಊರವರ ಬಾಯಲ್ಲಿ ಇದು ಹಬ್ಬ. ಮನೆಮನೆಯಲ್ಲಿ ಗೋದಿ-ಬೆಲ್ಲದ ಮಾದಲಿ ಆಗುತ್ತದೆ, ಚಾವಡಿಗೆ ತೋರಣ ಕಟ್ಟುತ್ತಾರೆ.

ಹಳೆಯ ನಕ್ಷೆಯಲ್ಲಿ ಈ ಊರು ನೀರಿಲ್ಲದ ನಡುಗಡ್ಡೆ. ಸುತ್ತಲಿನ ಹಳ್ಳಿಗಳೆಲ್ಲ ಮುಂಬೈ ಪ್ರಾಂತಕ್ಕೆ ಸೇರಿದ್ದರೆ ಇದೊಂದೇ ನಿಜಾಮನದು. ಏಳು ಬೇಲಿಯೊಳಗಿನ ಪಟ್ಟಣವೆಂದು ಅಜ್ಜಿಯರು ಕಥೆ ಕಟ್ಟುತ್ತಾರಲ್ಲ, ಇಲ್ಲಿನವರು ಹಾಗೆಯೇ ಬದುಕಿದವರು. ಹುನಗುಂದದ ಸಂತೆಗೆ ಜೋಳ ಒಯ್ಯಬೇಕೆಂದರೆ ಸುಂಕದ ನಾಕಾ ದಾಟಬೇಕು. ಕಣ್ಣಳತೆಯಲ್ಲಿರುವ ಊರಿಗೆ ಮಗಳನ್ನು ಕೊಟ್ಟರೆ ಬೇರೆ ಸೀಮೆಗೆ ಕೊಟ್ಟ ಹಾಗೆ. ಸೊಂಟದ ಚೀಲದಲ್ಲಿದ್ದ ನಾಣ್ಯ ಹಳ್ಳ ದಾಟಿದ ಕೂಡಲೇ ತಗಡು. ಸಾವಿರದ ಒಂಬೈನೂರ ಐವತ್ತರ ಜನವರಿಯ ಕೊನೆಯ ವಾರ ಎರಡೂ ಕಡೆಯ ಅಧಿಕಾರಿಗಳು ಬಂದು, ಊರನ್ನು ಅಳೆದು, ಎಣಿಸಿ, ಹಸ್ತಾಂತರ ಮಾಡಿದರು ಎಂದು ಊರವರು ಹೇಳುತ್ತಾರೆ.

ಅಂದು ಎರಡು ಕೆಲಸ ಒಟ್ಟಿಗೆ ನಡೆದವು. ಗಡಿಯಲ್ಲಿ ಕಲ್ಲಿನ ಎಣಿಕೆ, ಚಾವಡಿಯಲ್ಲಿ ಮನೆಯ ಎಣಿಕೆ. ಹಳೆಯ ಗುರುತನ್ನು ನಂಬುವುದಿಲ್ಲ, ಬೆರಳಿಗೆ ಹತ್ತುವಷ್ಟು ಹಸಿ ಸುಣ್ಣವಿದ್ದ ಕಲ್ಲನ್ನು ಮಾತ್ರ ಎಣಿಸುತ್ತೇವೆ ಎಂದು ಅಧಿಕಾರಿಗಳು ಹಟ ಹಿಡಿದರಂತೆ. ಹಾಗಾಗಿ ಊರಿನ ವಾಲೀಕಾರ, ಅಂದರೆ ಸರಕಾರಿ ಓಲೆ ಮುಟ್ಟಿಸಿ ಡಂಗುರ ಸಾರುವ ದುರಗಪ್ಪ, ಸೂರ್ಯ ಮೂಡುವಾಗ ಸುಣ್ಣದ ಡಬ್ಬಿ ಹಿಡಿದು ಮುಂದೆ ಮುಂದೆ ನಡೆದ. ಅತ್ತ ಚಾವಡಿಯಲ್ಲಿ ಕುಲಕರ್ಣಿ ಅರವತ್ತೇಳು ಮನೆಗಳ ಯಜಮಾನರ ಹೆಸರು ಕೂಗಿದ. ಒಬ್ಬೊಬ್ಬರೇ ಎದ್ದು ‘ಹಾಜರ್’ ಎಂದರು. ಕೊನೆಯ ಹೆಸರು ದುರಗಪ್ಪನದು. ಯಾರೂ ಓಗೊಡಲಿಲ್ಲ. ಆ ಹೊತ್ತಿಗೆ ಆತ ಯಾವುದೋ ಗಡಿಕಲ್ಲಿಗೆ ಸುಣ್ಣ ಬಳಿಯುತ್ತಿದ್ದ. ಕುಲಕರ್ಣಿ ‘ಗೈರಹಾಜರ್’ ಎಂದು ಬರೆದು ಕಾಗದ ಮಡಚಿದ.

ಅದರ ಕನ್ನಡದ ನಕಲೊಂದು ಕೆಂಪು ಅರಿವೆಯ ದಫ್ತರದಲ್ಲಿ ಊರಲ್ಲೇ ಉಳಿಯಿತು. ಪ್ರತಿವರ್ಷ ಅದನ್ನು ಬಿಚ್ಚಿ, ಬರೆದದ್ದನ್ನು ಬರೆದ ಹಾಗೆಯೇ ಓದುತ್ತಾರೆ. ಆಯಾ ಮನೆಯಲ್ಲಿ ಇಂದು ಯಾರು ಒಲೆ ಹೊತ್ತಿಸುತ್ತಾರೋ ಅವರು ಎದ್ದು ‘ಹಾಜರ್ ರಿ’ ಎನ್ನಬೇಕು. ಅರವತ್ತಾರು ಮನೆಗಳ ಓ ಮುಗಿದ ಮೇಲೆ ಓದುವವರು ‘ದುರಗಪ್ಪ ವಾಲೀಕಾರ, ಗೈರಹಾಜರ್’ ಎನ್ನುತ್ತಾರೆ. ಸೇರಿದವರು ನಗುತ್ತಾರೆ. ಅದರಲ್ಲಿ ಕುಹಕವಿಲ್ಲ, ಮನೆಮಂದಿಯ ನಗೆ ಅದು. ಆದರೆ ಆ ನಗೆಯನ್ನು ದುರಗಪ್ಪನ ಮನೆಯವರು ಒಮ್ಮೆಯೂ ಕಿವಿಯಾರೆ ಕೇಳಿಲ್ಲ. ಯಾಕೆಂದರೆ ಆ ಹೊತ್ತಿಗೆ ಅವರು ಈಗಲೂ ಗಡಿಯಲ್ಲೇ ಇರುತ್ತಾರೆ, ಕುಂಚ ಹಿಡಿದು.

ರಾಮವ್ವ ದುರಗಪ್ಪನ ಸೊಸೆ. ಈಗ ಅರವತ್ತೊಂದು. ತವರು ಬನಶಂಕರಿಯ ಪಕ್ಕದ ಚೊಳಚಗುಡ್ಡ. ಹದಿನೇಳಕ್ಕೆ ಮದುವೆಯಾಗಿ ಬಂದವರು. ಮಾವನ ಕಾಲ ಮುಗಿದ ಮೇಲೆ, ಮೂವತ್ತೆಂಟು ವರ್ಷಗಳ ಹಿಂದೆ ಕುಂಚ ಇವರ ಕೈಗೆ ಬಂತು. ಗಂಡ ಯಮನಪ್ಪ ಹಾರೆ ಹಿಡಿದು ಮುಂದೆ ಹೋಗಿ ಕಂಟಿ ಸವರುತ್ತಿದ್ದರು, ಒರಗಿದ ಕಲ್ಲನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು; ಇವರು ಹಿಂದೆ ಬಂದು ಬಳಿಯುತ್ತಿದ್ದರು. ಯಮನಪ್ಪ ತೀರಿಕೊಂಡು ಹದಿನಾಲ್ಕು ವರ್ಷ. ಅಂದಿನಿಂದ ಮೌಲಾಬಿ ಜೊತೆಗಿದ್ದಾರೆ. “ನಾ ಕರೀಲಿಲ್ರಿ. ಮಣ್ಣ ಮಾಡಿದ ವರ್ಷ, ಒಬ್ಬಾಕೀನ ಹೊಂಟಿದ್ದೆ. ಹಿಂದ ನೋಡಿದ್ರ ಈಕಿ ಕೊಡಾ ಹೊತ್ತು ಬರಾಕತ್ತಿದ್ಳು. ಯಾಕಂತ ನಾ ಕೇಳಲಿಲ್ಲ, ಆಕೀನೂ ಹೇಳಲಿಲ್ಲ” ಎಂದು ರಾಮವ್ವ ನೆನೆಯುತ್ತಾರೆ. ಮೌಲಾಬಿ ಅಷ್ಟಕ್ಕೇ ಬಿಡುವವರಲ್ಲ. “ನೀರಿಲ್ಲದ ಸುಣ್ಣಾ ಗಟ್ಟಿ ಆಕ್ಕೈತಿ, ನಾ ಇಲ್ಲದ ಈಕಿ ಗಟ್ಟಿ ಆಕ್ಕಾಳ. ಅದಕ್ಕ ಬರ್ತೇನಿ.”

ವರ್ಷದ ಉಳಿದ ದಿನಗಳಲ್ಲೂ ರಾಮವ್ವನಿಗೆ ಸುಣ್ಣದ್ದೇ ಕೆಲಸ. ಹಿಂದೆ ದಸರೆಯಿಂದ ದೀಪಾವಳಿಯವರೆಗೆ ಹುನಗುಂದ, ಇಳಕಲ್ ಸುತ್ತ ಅರವತ್ತು ಮನೆಗಳಾದರೂ ಇವರಿಗಾಗಿ ಕಾಯುತ್ತಿದ್ದವು. ನೇಕಾರರ ಮನೆಯೆಂದರೆ ಮಗ್ಗದ ಮೇಲೊಂದು ಹನಿ ಬೀಳದಂತೆ ಬಳಿಯಬೇಕು. ಅದಕ್ಕೆ ರಾಮವ್ವನೇ ಆಗಬೇಕಿತ್ತು. ಈಗ ಡಬ್ಬಿಯ ಬಣ್ಣ ಬಂದು ಒಂಬತ್ತೋ ಹತ್ತೋ ಮನೆ ಉಳಿದಿವೆ. ಉಳಿದಂತೆ ಈರುಳ್ಳಿ ಹೊಲದ ಕಳೆ, ಮೆಣಸಿನಕಾಯಿ ಬಿಡಿಸುವುದು. ಸುಣ್ಣ ಇವರ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿದೆ. ರೇಶನ್ ಅಂಗಡಿಯ ಮಷೀನಿಗೆ ಹೆಬ್ಬೆರಳು ಒತ್ತಿದರೆ ಅದು ಒಪ್ಪುವುದಿಲ್ಲ. ತಿಂಗಳಿಗೆ ಮೂರು ಸಲ ಹೋಗಿ, ಬೆರಳಿಗೆ ಕುಸುಬಿ ಎಣ್ಣೆ ತಿಕ್ಕಿ ತಿಕ್ಕಿ ಒತ್ತಬೇಕು. “ಮಷೀನ್ ಅಂತೈತಿ, ನೀ ರಾಮವ್ವ ಅಲ್ಲ ಅಂತ. ಹೌದೇಳಪಾ, ನೀನ ಹೇಳು ಹಂಗಾದ್ರ ನಾ ಯಾರು ಅಂತೀನಿ. ಹಿಂದ ನಿಂತವರು ಬಿದ್ದು ಬಿದ್ದು ನಗ್ತಾರ” ಎಂದು ತಾವೂ ನಗುತ್ತಾರೆ.

ಲೆಕ್ಕ ಹಾಕಿದರೆ ಮೂವತ್ತೆಂಟು ವರ್ಷಕ್ಕೆ ಸಾವಿರದ ಐನೂರ ಐವತ್ತೆಂಟು ಕಲ್ಲು. ಗಡಿಯ ಸುತ್ತು ಒಂಬತ್ತು ಕಿಲೋಮೀಟರು. ಸುಣ್ಣದ ಹರಳನ್ನು ಹಿಂದಿನ ದಿನ ಅರೆ ಡ್ರಮ್ಮಿನಲ್ಲಿ ಅರಳಿಸಿ, ಎರಡು ಹಿಡಿ ಉಪ್ಪು ಬೆರೆಸಿ ಇಡುತ್ತಾರೆ. ಮೂರು ಡಬ್ಬಿ ಸುಣ್ಣ. ಎರಡನ್ನು ಮೊದಲೇ ಹತ್ತನೇ ಕಲ್ಲಿನ ಬಳಿ ಮತ್ತು ಇಪ್ಪತ್ತೈದನೇ ಕಲ್ಲಿನ ಬಳಿ ಬಚ್ಚಿಟ್ಟಿರುತ್ತಾರೆ. ಎಷ್ಟೇ ಚುರುಕಾಗಿ ನಡೆದರೂ ಕೊನೆಯ ಕಲ್ಲು ಮುಗಿಯುವಾಗ ಹನ್ನೆರಡು ದಾಟುತ್ತದೆ. ಚಾವಡಿಯಲ್ಲಿ ಹಾಜರಿ ಶುರುವಾಗುವುದು ಹನ್ನೊಂದಕ್ಕೆ. ಓದುವ ಗುರಲಿಂಗಪ್ಪ ಮಾಸ್ತರರು ಸಾಲೆಯಲ್ಲಿ ಮೂವತ್ತಮೂರು ವರ್ಷ ಹಾಜರಿ ಹಾಕಿದವರು. ಅರವತ್ತೇಳು ಹೆಸರಿಗೆ ಅವರಿಗೆ ಒಂಬತ್ತು ನಿಮಿಷ ಸಾಕು.

ಹಿಂದಿನ ದಿನವೇ ಬಳಿದರಾಗದೇ ಎಂದು, ಪತ್ರಿಕೆಗೆ ಬರೆಯಲು ಜೊತೆಗೆ ಬಂದಿರುವ ನಾನು ಕೇಳುತ್ತೇನೆ. “ಒಣಗಿದ್ದು ನಿನ್ನೀದ್ರಿ. ಇವತ್ತಿಂದು ಅಲ್ಲ.” ಬೇರೆಯವರು ಬಳಿದರೆ? ಈ ಮಾತಿಗೆ ರಾಮವ್ವನಿಗಿಂತ ಮೊದಲು ಮೌಲಾಬಿ ನಗಲು ಶುರು ಮಾಡುತ್ತಾರೆ. ಮೂರು ವರ್ಷದ ಹಿಂದೆ ಊರಿನ ಹುಡುಗರು, ಅವ್ವ ಈ ಸಲ ನೀ ಕೂಡ್ರು ಎಂದು ಮೋಟರ್ ಸೈಕಲ್ ಮೇಲೆ ಹೊಲಕ್ಕೆ ಔಷಧ ಹೊಡೆಯುವ ಪಂಪು ಕಟ್ಟಿಕೊಂಡು ಹೋಗಿ, ಒಂದೇ ತಾಸಿನಲ್ಲಿ ಎಲ್ಲ ಮುಗಿಸಿ ಬಂದರಂತೆ. ರಾಮವ್ವನಿಗೆ ಯಾಕೋ ಸಮಾಧಾನವಿಲ್ಲ. ಹೋಗಿ ನೋಡಿದರೆ ಎರಡು ಕಲ್ಲು ಬಿಟ್ಟುಹೋಗಿದ್ದವು, ಹುತ್ತವೊಂದಕ್ಕೆ ನೆತ್ತಿಯಿಂದ ಬುಡದವರೆಗೆ ಸುಣ್ಣ ಬಿದ್ದಿತ್ತು. “ಹಾವಿನ ಮನೀಗೆ ದೀವಳಗಿ ಮಾಡಿ ಬಂದಿದ್ರು ನೋಡ್ರಿ!” ಎನ್ನುತ್ತಾರೆ ಮೌಲಾಬಿ. ಅಂದು ರಾಮವ್ವ ಮತ್ತೆ ಮೊದಲ ಕಲ್ಲಿನಿಂದ ಸುತ್ತು ಹಾಕಿದರು. ಗೈರಹಾಜರಿ ಆ ವರ್ಷವೂ ತಪ್ಪಲಿಲ್ಲ.

ಈ ವರ್ಷ ಮಾತ್ರ ವಿಷಯ ಬೇರೆ. ರಾಮವ್ವನ ಎರಡೂ ಮೊಣಕಾಲು ಸೋತಿವೆ. “ಬಾಗಲಕೋಟಿ ದವಾಖಾನ್ಯಾಗ ಫೋಟೋ ತಗದ್ರು. ಒಳಗಿನ ಗಾದಿ ಸವದೈತಿ ಅಂದ್ರು ಡಾಕ್ಟರು. ಎಲುಬಿಗೆ ಎಲುಬು ತಿಕ್ಕಾಕತ್ತೈತಂತ.” ಯುಗಾದಿಯ ನಂತರ ಆಪರೇಶನ್. ಆಮೇಲೆ ಉಳುಮೆಯ ಹೊಲದಲ್ಲಿ ನಡೆಯುವಂತಿಲ್ಲ. ಕಲಾದಗಿಗೆ ಕೊಟ್ಟ ಮಗಳು ನಾಗರತ್ನಾ, ಚಿಕ್ಕು ತೋಟದ ನಡುವಿನ ತನ್ನ ಮನೆಯಲ್ಲಿ ತಾಯಿಗೊಂದು ಕೋಣೆ ತೆರವು ಮಾಡಿಟ್ಟಿದ್ದಾಳೆ. ರಾಮವ್ವ ಸಂತೋಷದಿಂದಲೇ ಹೊರಟಿದ್ದಾರೆ. ಆದರೆ ಅವರು ಹೋದರೆ ಎಕ್ಕಲದಿನ್ನಿಯ ಆ ಮನೆಯ ಒಲೆ ಆರುತ್ತದೆ. ಒಲೆ ಹೊತ್ತದ ಮನೆಗೆ ಓಗೊಡುವ ಹಕ್ಕಿಲ್ಲ. ಎಂದರೆ, ಅರವತ್ತೇಳನೇ ಹೆಸರಿಗೆ ಹಾಜರ್ ಎನ್ನಲು ಉಳಿದಿರುವುದು ಇದೊಂದೇ ಹಾಜರಿ.

“ನಮ್ಮತ್ತಿ ಸಾವಿತ್ರೆವ್ವ ಸಾಯೋತನಕ ಒಂದ ಮಾತು ಹೇಳ್ತಿದ್ಳು” ಎನ್ನುತ್ತಾರೆ ರಾಮವ್ವ, ಹದಿನೆಂಟನೇ ಕಲ್ಲಿನ ಬಳಿ ಕಾಲು ಚಾಚಿ ಕುಳಿತು. “ಆ ದಿನಾ ಆಕಿ ಚಾವಡಿ ಕಟ್ಟಿ ಕೆಳಗ ನಿಂತಿದ್ಳಂತ. ಬಗಲಾಗ ಕೂಸು. ನಮ್ಮ ಮಾವನ ಹೆಸರು ಕೂಗಿದ್ರು. ಎರಡ ಸಲ ಕೂಗಿದ್ರಂತ. ಅಂವ ಗಡಿಗೆ ಹೋಗ್ಯಾನ್ರಿ, ನಾ ಅದೇನಿ ಅನ್ನಬೇಕಂತ ಬಾಯಿತನಕ ಬಂತಂತ. ಹೆಣ್ಮಗಳು, ಅಷ್ಟ ಮಂದಿ ಸಾಹೇಬ್ರ ಮುಂದ ಹೆಂಗ ಅನ್ನೋದು? ನುಂಗಿದ್ಳು. ಅದು ಆಕಿ ಗಂಟಲಾಗ ಹಂಗ ಉಳೀತ್ರಿ. ನನಗೇನ್ ದೊಡ್ಡ ಆಸೆ ಇಲ್ಲ. ಅದೊಂದ ಮಾತು ಅಂದು ಹೋಗಬೇಕು.”

ಇದನ್ನು ಅವರು ಊರಲ್ಲಿ ಯಾರಿಗೂ ಹೇಳಿದವರಲ್ಲ. ಹೇಳಿದ್ದು ಮೌಲಾಬಿ. ಹಿಂದಿನ ದಿನ ಮಧ್ಯಾಹ್ನ ಚಾವಡಿಯ ಪಕ್ಕದಲ್ಲಿ ರಾಮವ್ವ ಸುಣ್ಣ ಅರಳಿಸುತ್ತಿದ್ದಾಗ ಮಾಸ್ತರರು ಕೊಡೆ ಊರಿಕೊಂಡು ಅತ್ತ ಬಂದಿದ್ದರು. ವರ್ಷ ವರ್ಷದ ಚೇಷ್ಟೆ ಶುರುವಾಗಿತ್ತು.

“ಏನ್ ಬೇ ರಾಮವ್ವ, ನಾಳೆರೆ ಬರ್ತೀಯಿಲ್ಲ ಹಾಜರಿಗೆ?”

“ನೀವು ಮಧ್ಯಾಹ್ನತನಕ ಉಸಿರು ಹಿಡಕೊಂಡು ಕೂಡ್ರಿ ಮಾಸ್ತರ್ರ, ಬರ್ತೇನಿ.”

“ದಫ್ತರದಾಗ ಏನ್ ಬರದೈತಿ? ಗೈರಹಾಜರ್. ನಾ ಯಾರ ಮಾತು ನಂಬ್ಲಿ? ನಿಂದೋ, ದಫ್ತರದ್ದೋ?”

“ದಫ್ತರಕ್ಕ ಕಾಲಿಲ್ರಿ. ಅದು ಗಡಿ ನೋಡಿಲ್ಲ.”

ಮಾಸ್ತರರು ನಕ್ಕು ಹೊರಡುವವರಿದ್ದರು. ಆಗ ಮೌಲಾಬಿ ಕೊಡ ಕೆಳಗಿಟ್ಟು, “ಮಾಸ್ತರ್ರ, ಈಕಿ ಹೇಳಂಗಿಲ್ಲ, ನಾ ಹೇಳ್ತೇನಿ” ಎಂದು ಮೊಣಕಾಲು, ಕಲಾದಗಿ, ಅತ್ತೆಯ ಮಾತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ರಾಮವ್ವ “ನಿನ್ನ ಬಾಯಿಗೆ ಈ ಸುಣ್ಣಾನ ಬಳೀತೇನಿ ನೋಡು” ಎಂದು ಕುಂಚ ಎತ್ತಿದರು. ಮಾಸ್ತರರು ಕೊಡೆ ಎತ್ತಿಕೊಂಡರು. “ಬಾಗಲಕೋಟಿಯಿಂದ ಸಾಹೇಬ್ರು ಬರಾವ್ರದಾರ. ಅವರಿಗೆ ಒಂದಕ್ಕ ಇಳಕಲ್ಲಾಗ ಮತ್ತೊಂದು ಕಾರ್ಯಕ್ರಮ. ಹನ್ನೊಂದಂದ್ರ ಹನ್ನೊಂದು. ನಾ ಎಂದೂ ತಡಾ ಮಾಡಿದಾಂವಲ್ಲ” ಎಂದು ಹೇಳಿ ಹೋದರು. ಅಲ್ಲಿಗೆ ಆ ಮಾತು ಮುಗಿಯಿತೆಂದೇ ಇಬ್ಬರು ಹೆಂಗಸರೂ ತಿಳಿದರು.

ಈಗ ಗಡಿಯಲ್ಲಿ ಬಿಸಿಲು ಏರಿದೆ. ರಾಮವ್ವ ಬದು ಹತ್ತುವಾಗ ಒಂದು ಕೈ ಮೌಲಾಬಿಯ ಭುಜದ ಮೇಲಿರುತ್ತದೆ. ಕಲ್ಲಿನಿಂದ ಕಲ್ಲಿಗೆ ಅವರು ದಾರಿ ಹುಡುಕುವುದಿಲ್ಲ. ಒಂದೊಂದರ ಗುರುತೂ ಅವರಿಗೆ ಗೊತ್ತು. ಇದು ಕುರಿಗಾರರು ಕುಡಗೋಲು ಮಸೆದು ಸವೆಸಿದ ಕಲ್ಲು. ಇದರ ಬುಡದಲ್ಲಿ ಯಮನಪ್ಪನಿಗೆ ಚೇಳು ಕಡಿದಿತ್ತು. ಇದು ಒರಗುವ ಕಲ್ಲು, ಎಷ್ಟು ಸಲ ನಿಲ್ಲಿಸಿದರೂ ಹುನಗುಂದದ ಕಡೆಗೇ ಬಾಗುತ್ತದೆ. “ಇದಕ್ಕ ಮೊದಲಿಂದ ಆ ಸರಕಾರಕ್ಕ ಹೋಗೋ ಮನಸಿತ್ರಿ” ಎಂದು ಅದರ ನೆತ್ತಿ ಸವರುತ್ತಾರೆ. ಒಂದೊಂದು ಕಲ್ಲಿಗೂ ಬಳಿದ ಮೇಲೆ ಬೆರಳು ತಾಗಿಸಿ ನೋಡುವುದನ್ನು ಮಾತ್ರ ಬಿಡುವುದಿಲ್ಲ. ಕಾಲು ನೋಯುತ್ತಿದ್ದರೂ, ಹೊತ್ತು ಜಾರುತ್ತಿದ್ದರೂ, ಒಂದು ಮಗ್ಗಲನ್ನೂ ತೆಳುವಾಗಿ ಬಳಿಯುವುದಿಲ್ಲ.

ಮೂವತ್ತನೇ ಕಲ್ಲು ಮುಗಿದಾಗ ಹತ್ತೂ ಮುಕ್ಕಾಲು. ಮೌಲಾಬಿಯ ಗಂಡ ನಬಿಸಾಬ ಹೊಲದ ದಾರಿಯಲ್ಲಿ ಮೋಟರ್ ಸೈಕಲ್ ತಂದು ನಿಲ್ಲಿಸುತ್ತಾರೆ. “ರಾಮಕ್ಕಾ, ನೀ ಹತ್ತ್. ಹಾಜರಿ ಮುಗಿದ ಕೂಡ್ಲೇ ಮತ್ತ ತಂದು ಇಲ್ಲೇ ಬಿಡ್ತೇನಿ. ಉಳದ ಹನ್ನೊಂದು ಆಮ್ಯಾಲ ಬಳಿಯಾಕ ಬರ್ತೈತಿ” ಎನ್ನುತ್ತಾರೆ.

ರಾಮವ್ವ ಹಿಂದಿನ ಸೀಟನ್ನು ನೋಡುತ್ತಾರೆ. ಮುಂದಿನ ಕಲ್ಲನ್ನು ನೋಡುತ್ತಾರೆ. ಆಸೆ ಅವರ ಮುಖದಲ್ಲಿ ಮುಚ್ಚಿಡಲಾಗದಷ್ಟು ಕಾಣುತ್ತದೆ.

“ಬ್ಯಾಡ ತಮ್ಮಾ. ಹನ್ನೊಂದು ಕಲ್ಲು ಬಿಟ್ಟು ಹೋಗಿ ಹಾಜರ್ ಅಂದ್ರ ಅದು ಸುಳ್ಳ ಹಾಜರಿ ಆಕ್ಕೈತಿ. ಪೇಪರ್ ಅಕ್ಕಾರನ್ನ ಕರಕೊಂಡು ಹೋಗು. ಇಲ್ಲೇನೈತಿ ಅವರು ನೋಡಾಕ? ಕಲ್ಲು.”

ಚಾವಡಿಯ ಮುಂದೆ ಶಾಮಿಯಾನ. ಮುನ್ನೂರು ಜನ ಸೇರಿದ್ದಾರೆ. ಬಾಗಲಕೋಟೆಯಿಂದ ಬಂದ ಅಧಿಕಾರಿ ಹಾರ ಹಾಕಿಸಿಕೊಂಡು ಕುಳಿತು, ಕೈಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಸರಿಯಾಗಿ ಹನ್ನೊಂದಕ್ಕೆ ಗುರಲಿಂಗಪ್ಪ ಮಾಸ್ತರರು ಎದ್ದು ದಫ್ತರದ ಗಂಟು ಬಿಚ್ಚುತ್ತಾರೆ. ಕನ್ನಡಕ ಒರೆಸುತ್ತಾರೆ. ಮತ್ತೊಮ್ಮೆ ಒರೆಸುತ್ತಾರೆ. ಮೊದಲ ಹೆಸರು ಕೂಗುತ್ತಾರೆ. ಆ ಮನೆಯವರು ಹಾಜರ್ ಎಂದು ಕುಳಿತುಕೊಳ್ಳುತ್ತಾರೆ. ಎರಡನೆಯ ಹೆಸರು ಬರಬೇಕು. ಬರುವುದಿಲ್ಲ.

“ಕುಂಡ್ರಬ್ಯಾಡ, ತಡಿ” ಎನ್ನುತ್ತಾರೆ ಮಾಸ್ತರರು. “ನಿಮ್ಮಜ್ಜ ಆ ದಿನ ಏನ್ ಮಾಡಿದ್ದ ಗೊತ್ತೈತೇನು? ಮುಂಬೈ ಸಾಹೇಬನ್ನ ಕರಕೊಂಡು ಬರಾಕ ತನ್ನ ಚಕ್ಕಡಿ ಕೊಟ್ಟು ಕಳಿಸಿದ್ದ. ಹಳ್ಳದ ನಡುವ ಎತ್ತು ಮಲಗಿಬಿಟ್ಟವು. ಈ ದಂಡಿಗೆ ನಿಜಾಮನ ಸಾಹೇಬ, ಆ ದಂಡಿಗೆ ಮುಂಬೈ ಪೊಲೀಸ್ರು, ನಡುವ ನಿಮ್ಮ ಎತ್ತು. ಎಬ್ಬಸಾಕ ಎರಡೂ ಸರಕಾರ ಕೂಡಿ ಬಾಲಾ ತಿರುವಬೇಕಾತು.”

ಜನ ಗೊಳ್ಳೆಂದು ನಗುತ್ತಾರೆ. ಇದು ದಫ್ತರದಲ್ಲಿಲ್ಲ, ಮಾಸ್ತರರ ತಂದೆ ಹೇಳಿದ್ದು, ಅವರಿವರ ಅಜ್ಜಿಯರು ಹೇಳಿದ್ದು. ಎರಡನೆಯ ಹೆಸರಿಗೂ ಒಂದು ಕಥೆ ಬರುತ್ತದೆ. ಮೂರನೆಯದಕ್ಕೂ. ಹನ್ನೆರಡನೆಯದು ಮಲೀಕಸಾಬನ ಹೆಸರು. ಮಗ ನಬಿಸಾಬ ಎದ್ದು ಓಗೊಡುತ್ತಾರೆ. “ನಿಮ್ಮಪ್ಪ ಸುಂಕದ ನಾಕಾದಾಗ ಬೊಂಬು ಎತ್ತಿ ಇಳಸಾಂವ ಇದ್ದ. ಆ ದಿನಾ ನಾಕಾ ಮುಚ್ಚಿದ್ರು. ಬೊಂಬು ಏನ್ ಮಾಡ್ಲಿ ಸಾಹೇಬ್ರ ಅಂತ ಕೇಳಿದ. ಇನ್ನ ಯಾರನ್ನೂ ತಡಿಯೂದಿಲ್ಲ, ಮನಿಗೆ ಒಯ್ಯಿ ಅಂದ್ರು. ಐತಿಲ್ಲ ಇನ್ನೂ?” ಎಂದು ಮಾಸ್ತರರು ಕೇಳುತ್ತಾರೆ. “ಐತ್ರಿ, ಅಡಗಿಮನಿ ಜಂತಿಯಾಗೈತಿ. ಒಂದ ಹುಳಾ ಹತ್ತಿಲ್ಲ” ಎನ್ನುತ್ತಾರೆ ನಬಿಸಾಬ.

ಹನ್ನೊಂದೂವರೆಗೆ ಇಪ್ಪತ್ತಮೂರನೇ ಹೆಸರು. ಆ ಮನೆಯ ಶಂಕ್ರಪ್ಪ ಅಂದು ಹೆದರಿಕೆಗೆ ಎರಡು ಸಲ ಹಾಜರ್ ಅಂದಿದ್ದನಂತೆ. ಮೊಮ್ಮಗನೂ ಎದ್ದು ಎರಡು ಸಲ ಅನ್ನುತ್ತಾನೆ. ನಲವತ್ತನೇ ಮನೆಯ ಮುದುಕಿ ಒಂದೇ ಗಡಿಗೆಯಿಂದ ಇಬ್ಬರು ಸಾಹೇಬರಿಗೂ ಮಜ್ಜಿಗೆ ಹಾಕಿದಳಂತೆ; ಉಪ್ಪು ಕಡಿಮೆಯಾಗಿದೆ ಎಂಬ ಮಾತಿಗೆ ಮಾತ್ರ ಎರಡೂ ಸರಕಾರಗಳು ತಕರಾರಿಲ್ಲದೆ ಒಪ್ಪಿದವಂತೆ. ಬೀರಪ್ಪನ ಪೂಜಾರಿಯ ಮನೆಯವನು ಹಾಜರ್ ಅನ್ನುವ ಮೊದಲು, ಗಡಿಯಾಚೆ ಮೇಯುತ್ತಿರುವ ನನ್ನ ಕುರಿ ಯಾರ ಪಾಲು ಎಂದು ಕೇಳಿ ಸಭೆಯನ್ನೇ ನಿಲ್ಲಿಸಿದ್ದನಂತೆ. ಪ್ರತಿ ಕಥೆ ಮುಗಿದಾಗಲೂ ಮಾಸ್ತರರು ಆ ಮನೆಯವರತ್ತ ತಿರುಗಿ ಕೈ ಮುಗಿಯುತ್ತಾರೆ. ಚಕ್ಕಡಿ ಕೊಟ್ಟಿದ್ದಕ್ಕೆ, ಮಜ್ಜಿಗೆ ಕೊಟ್ಟಿದ್ದಕ್ಕೆ, ಹಗ್ಗ ಕೊಟ್ಟಿದ್ದಕ್ಕೆ, ಸುಮ್ಮನೆ ಬಂದು ನಿಂತಿದ್ದಕ್ಕೆ. ಎದ್ದು ನಿಂತವರ ಕಣ್ಣುಗಳು ಒದ್ದೆಯಾಗುತ್ತವೆ. ತಮ್ಮ ಅಜ್ಜ ಮುತ್ತಜ್ಜರು ಇಷ್ಟು ಮಾಡಿದ್ದರೆಂದು ಹಲವರಿಗೆ ಇಂದೇ ಗೊತ್ತಾಗುತ್ತಿದೆ.

ಹನ್ನೆರಡಾದಾಗ ಸಂಘಟಕರೊಬ್ಬರು ಮಾಸ್ತರರ ಕಿವಿಯಲ್ಲಿ ಏನೋ ಹೇಳಲು ಏಳುತ್ತಾರೆ. ಅತಿಥಿ ಅಧಿಕಾರಿಯೇ ಅವರ ತೋಳು ಹಿಡಿದು ಕೂರಿಸುತ್ತಾರೆ. “ಇರ್ಲಿ ಬಿಡ್ರಿ, ಕುರಿ ಯಾರಿಗೆ ಹೋದ್ವು ಹೇಳ್ಲಿ ಮೊದ್ಲು” ಎಂದು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಅರವತ್ತಾರನೇ ಹೆಸರಿನ ಹೊತ್ತಿಗೆ ಮಾಸ್ತರರ ದನಿ ಬಿದ್ದಿದೆ. ಎಪ್ಪತ್ತೆಂಟರ ಮುದುಕ, ನಿಂತು ಒಂದೂವರೆ ತಾಸಾಯಿತು. ಕಥೆಯೂ ಮುಗಿಯಿತು. ಅವರು ನೀರು ಕುಡಿಯುತ್ತಾರೆ. ರಸ್ತೆಯತ್ತ ನೋಡುತ್ತಾರೆ. ಯಾರೂ ಕಾಣುವುದಿಲ್ಲ. ಕಾಗದವನ್ನು ಕಣ್ಣಿಗೆ ಹತ್ತಿರ ತರುತ್ತಾರೆ, ದೂರ ಹಿಡಿಯುತ್ತಾರೆ. ಇನ್ನು ತಡೆಯಲು ಅವರ ಬಳಿ ಏನೂ ಉಳಿದಿಲ್ಲ.

“ಅರವತ್ತೇಳು” ಎನ್ನುತ್ತಾರೆ. “ದುರಗಪ್ಪ ವಾಲೀಕಾರ.”

ಅಭ್ಯಾಸಬಲದಿಂದ ಯಾರೋ ನಗಲು ಶುರು ಮಾಡಿ ನಿಲ್ಲಿಸುತ್ತಾರೆ. ಮಾಸ್ತರರು ಮುಂದಿನ ಶಬ್ದ ಓದುವುದಿಲ್ಲ. “ಈ ಮನಿ ಕತಿ ನನಗ ಯಾರೂ ಹೇಳಿಲ್ಲ. ಯಾಕಂದ್ರ ಆ ದಿನಾ ಇಲ್ಲಿದ್ದವರು ಯಾರೂ ಅದನ್ನ ನೋಡಿಲ್ಲ. ನಾವೆಲ್ಲಾ ಇಲ್ಲಿ ನೆರಳಾಗ ಕುಂತು ಹಾಜರ್ ಅಂದ್ವಿ. ಅಂವ ಬಿಸಿಲಾಗ ಇದ್ದ. ಅಂವ ಬಳಿದಷ್ಟು ಊರು ನಮಗ ಬಂತು. ಎಪ್ಪತ್ತಾರು ವರ್ಷ ನಕ್ಕೀವಿ. ನಾನೂ ನಕ್ಕೇನಿ.” ಅವರು ಎರಡನೆಯ ಸಲ ಕೂಗುತ್ತಾರೆ, ಸಾಲೆಯ ಕಡೆಯ ಬೆಂಚಿಗೂ ಕೇಳುವ ಹಾಗೆ. “ದುರಗಪ್ಪಾ ವಾಲೀಕಾರ!”

ಶಾಮಿಯಾನದ ಹಿಂದೆ ಗದ್ದಲವಾಗುತ್ತದೆ. ಜನ ಸರಿದು ದಾರಿ ಬಿಡುತ್ತಾರೆ. ಮೌಲಾಬಿಯ ಭುಜ ಹಿಡಿದು ರಾಮವ್ವ ಬರುತ್ತಿದ್ದಾರೆ. ಮೊಣಕೈವರೆಗೆ ಸುಣ್ಣ, ಸೆರಗಿನ ತುಂಬ ಸುಣ್ಣ, ಹುಬ್ಬಿನ ಮೇಲೊಂದು ಹನಿ. ಉಸಿರು ಸಾಲದೆ ಬಾಯಿಂದ ಮಾತು ಹೊರಡುತ್ತಿಲ್ಲ. ಬಲಗೈ ಮೇಲೆತ್ತುತ್ತಾರೆ.

“ಕೈ ನಡಿಯಂಗಿಲ್ಲ” ಎನ್ನುತ್ತಾರೆ ಮಾಸ್ತರರು. ಮಾಸ್ತರಿಕೆ ಇನ್ನೂ ಬಿಟ್ಟಿಲ್ಲ. “ಬಾಯಿಲೆ ಅನ್ನಬೇಕು ಬೇ.”

ರಾಮವ್ವ ಮೌಲಾಬಿಯ ಭುಜದಿಂದ ಕೈ ತೆಗೆಯುತ್ತಾರೆ. ತಮ್ಮ ಕಾಲ ಮೇಲೆ ನಿಲ್ಲುತ್ತಾರೆ.

“ಹಾಜರ್ ರಿ. ನಲವತ್ತೊಂದೂ ಆದವು.”

ಆಮೇಲೆ ಏಳುವ ಚಪ್ಪಾಳೆಯನ್ನು ಅವರು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯದೆ ಸೀರೆಯ ಸುಣ್ಣ ಕೊಡವುತ್ತಾರೆ. ಅಧಿಕಾರಿ ತಮ್ಮ ಕೊರಳಿನ ಹಾರ ತೆಗೆದು ಕೊಡಲು ಬಂದರೆ, “ಬ್ಯಾಡ್ರಿ ಸಾಹೇಬ್ರ, ಹೂವಿಗೆ ಸುಣ್ಣ ಹತ್ತತೈತಿ” ಎಂದು ಹಿಂದೆ ಸರಿಯುತ್ತಾರೆ. ಮಾಸ್ತರರು ಹಳೆಯ ಕಾಗದವನ್ನು ತಿದ್ದುವುದಿಲ್ಲ. ಬರೆದದ್ದು ಬರೆದ ಹಾಗೆಯೇ ಕೆಂಪು ಅರಿವೆಯೊಳಗೆ ಹೋಗುತ್ತದೆ. ರಾಮವ್ವನಿಗೂ ಅದರ ಬಗ್ಗೆ ತಕರಾರಿಲ್ಲ. “ಆ ದಿನಾ ಮಾವ ಇದ್ದಿದ್ದಿಲ್ಲ, ಅದು ಖರೇನ ಐತಲ್ರಿ. ಇವತ್ತು ನಾ ಇದ್ದೆ. ಎರಡೂ ಖರೆ.”

ಊಟದ ಪಂಕ್ತಿಯಲ್ಲಿ ಅವರನ್ನು ಮೊದಲ ಸಾಲಿಗೆ ಕೂರಿಸುತ್ತಾರೆ. ಅವರು ಮೌಲಾಬಿಯನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಮಾದಲಿಯ ಮೇಲೆ ತುಪ್ಪ ಬೀಳುತ್ತದೆ. ಮುಂದಿನ ವರ್ಷ ಗಡಿಗೆ ಹೋಗಲು ಮಹಿಳಾ ಸಂಘದ ಇಬ್ಬರು ಸಿದ್ಧರಾಗಿದ್ದಾರೆ. ಕಲ್ಲುಗಳನ್ನು ರಾಮವ್ವ ಅವರಿಗೆ ಈಗಾಗಲೇ ಒಂದೊಂದಾಗಿ ತೋರಿಸಿಕೊಟ್ಟಿದ್ದಾರೆ. ಕಲಾದಗಿಗೆ ಹೋಗುವ ಮುನ್ನ ಊರಿನಿಂದ ಏನಾದರೂ ಆಗಬೇಕೇ ಎಂದು ಕೇಳಿದರೆ, ಅವರು ಬಡಿಸುತ್ತಾ ಬರುತ್ತಿರುವ ಮಾಸ್ತರರತ್ತ ಮುಖ ಮಾಡುತ್ತಾರೆ.

“ನನಗೇನೂ ಬ್ಯಾಡ. ನೀವೆಲ್ಲಾ ಕಾದ್ರಲ್ಲ, ಹೊಟ್ಟಿ ತುಂಬಿ ಬಂತು. ಒಂದ ಮಾತು ಮಾಸ್ತರ್ರ. ಮುಂದಿನ ವರ್ಷ ಯಾರ ಬಳೀಲಿ, ಅವರು ಬಂದು ಕೈ ತೊಳಕೊಳ್ಳೂತನಕ ದಫ್ತರ ಬಿಚ್ಚಬ್ಯಾಡ್ರಿ.”